ಶಿಕ್ಷಕನಿಗೆ ಶಿಕ್ಷಕನೇ ಆಸರೆ

(ಶಾಲಾ ಶಿಕ್ಷಕರ ವೃತ್ತಿ ವಿಕಾಸ ಹಾಗೂ ಮಾರ್ಗದರ್ಶನವನ್ನು ಕುರಿತು ಹೈದರಾಬಾದಿನ ಕನ್ನಡ ಶಿಕ್ಷಕರು ಮತ್ತು ಪಾಲಕರನ್ನು ಉದ್ದೇಶಿಸಿದ ಭಾಷಣದ ಪಠ್ಯ)



ಬಡಗಿಯಾಗಬೇಕೆನ್ನುವವನು ಉಳಿ ಹಿಡಿಯುವುದನ್ನು ಕಲಿಯುವುದು ಹಿರಿಯ ಬಡಗಿಯ ಪಕ್ಕದಲ್ಲಿ ಕುಳಿತು. ನೇಕಾರನ ಮಗ್ಗದಲ್ಲಿ ಎಳೆ ತಪ್ಪಿದರೆ ಅದನ್ನು ಕಂಡು ಹೇಳಲು ಹತ್ತಿರದಲ್ಲೇ ಅನುಭವಿಯೊಬ್ಬನಿರುತ್ತಾನೆ. ಸಂಗೀತಾಭ್ಯಾಸಿಯ ಅಪಸ್ವರ ಗುರುವಿನ ಕಿವಿಗೆ ಬೀಳದೆ ಹೋಗುವುದಿಲ್ಲ. ಆದರೆ ಶಾಲಾ ಶಿಕ್ಷಕನ ಸ್ಥಿತಿ ಇದಕ್ಕಿಂತ ಭಿನ್ನವಾದುದು. ತರಬೇತಿ ಕಾಲೇಜಿನ ಪ್ರಮಾಣಪತ್ರ ಹಾಗೂ ನೇಮಕಾತಿಯ ಆದೇಶ ಕೈಸೇರಿದ ದಿನದಿಂದ ಆತನು ಬಹುಮಟ್ಟಿಗೆ ಏಕಾಂಗಿ. ತರಗತಿಯೊಳಗೆ ಆತನೊಬ್ಬನೇ ವಯಸ್ಕ. ಪಾಠ ಸಾಗದಿದ್ದಾಗ ಏಕೆ ಸಾಗಲಿಲ್ಲವೆಂದು ಕೇಳಿ ತಿಳಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮಕ್ಕಳು ಅರಿಯದೆ ಹೋದುದನ್ನು ಮಕ್ಕಳು ಹೇಳಲಾರರು. ಹೇಳಬಲ್ಲ ಹಿರಿಯರು ಅಲ್ಲಿಲ್ಲ.

ಇದು ಕೆಲವೇ ಶಿಕ್ಷಕರ ಕಷ್ಟವಲ್ಲ. 2024-25ನೆಯ ಸಾಲಿನಲ್ಲಿ ನಮ್ಮ ದೇಶದ ಶಾಲಾ ಶಿಕ್ಷಕರ ಒಟ್ಟು ಸಂಖ್ಯೆ ಒಂದು ಕೋಟಿಯನ್ನು ದಾಟಿತು. ಅದೇ ಸಾಲಿನಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಒಂದು ಲಕ್ಷಕ್ಕೂ ಅಧಿಕವಾಗಿದ್ದವು. ಅಂತಹ ಶಾಲೆಯಲ್ಲಿ ಒಂದನೆಯ ತರಗತಿಯ ಅಕ್ಷರಾಭ್ಯಾಸ, ನಾಲ್ಕನೆಯ ತರಗತಿಯ ಭಾಗಾಕಾರ, ಹಾಜರಿ ಪುಸ್ತಕ, ಮಧ್ಯಾಹ್ನದ ಊಟ ಎಲ್ಲವೂ ಒಬ್ಬರ ಹೊಣೆ. ಆ ಶಿಕ್ಷಕರಿಗೆ ವೃತ್ತಿಯ ಸಂಗಾತಿಗಳನ್ನು ಒದಗಿಸುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಹೈದರಾಬಾದು ಮತ್ತು ಶಿಕ್ಷಕರ ತರಬೇತಿ

ಈ ವಿಚಾರವನ್ನು ಚರ್ಚಿಸಲು ಹೈದರಾಬಾದು ತಕ್ಕ ಸ್ಥಳವಾಗಿದೆ. 1956ರ ನವೆಂಬರ್ 1ರವರೆಗೆ ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಇದೇ ರಾಜಧಾನಿಯಾಗಿತ್ತು. ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಈ ನಗರದಲ್ಲಿ ಕನ್ನಡ ಉಳಿದುಬಂದಿದೆ. ಕಾಚಿಗುಡದ ನೃಪತುಂಗ ವಿದ್ಯಾಲಯ ಹಾಗೂ ಕರ್ನಾಟಕ ಸಾಹಿತ್ಯ ಮಂದಿರ ಅದಕ್ಕೆ ಸಾಕ್ಷಿಯಾಗಿವೆ. ಇದರೊಂದಿಗೆ, ಸ್ವಾತಂತ್ರ್ಯಾನಂತರ ಶಿಕ್ಷಕರ ತರಬೇತಿಯಲ್ಲಿ ನಡೆದ ಕೆಲವು ಮಹತ್ವದ ಪ್ರಯತ್ನಗಳಿಗೂ ಈ ನಗರ ನೆಲೆಯಾಯಿತು.

ಅವುಗಳಲ್ಲಿ ಮೊದಲನೆಯದು 1958ರಲ್ಲಿ ಇಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ. ಇಂಗ್ಲಿಷ್ ಬೋಧನೆಯ ಮಟ್ಟವನ್ನು ಸುಧಾರಿಸುವುದು ಅದರ ಉದ್ದೇಶವಾಗಿತ್ತು. ವಿದೇಶಿ ಭಾಷೆಗಳನ್ನೂ ಸೇರಿಸಿಕೊಂಡು ಬೆಳೆದ ಈ ಸಂಸ್ಥೆ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ವಿವಿಧ ರಾಜ್ಯಗಳ ಅಧ್ಯಾಪಕರು ಇಲ್ಲಿ ತಂಗಿ, ತರಬೇತಿ ಪಡೆದು, ತಮ್ಮ ತಮ್ಮ ಸ್ಥಳಗಳಿಗೆ ಹಿಂದಿರುಗುತ್ತಿದ್ದರು. ಆದರೆ ದೇಶದ ಶಿಕ್ಷಕರೆಲ್ಲರನ್ನೂ ಒಂದೇ ಊರಿಗೆ ಕರೆಸುವುದು ಅಸಾಧ್ಯ. ಆದುದರಿಂದ 1985ರಲ್ಲಿ ಜಿಲ್ಲಾ ಕೇಂದ್ರಗಳ ಯೋಜನೆಯನ್ನು ಆರಂಭಿಸಲಾಯಿತು. ಶಿಕ್ಷಕನು ಸಂಸ್ಥೆಯನ್ನು ಅರಸಿ ಬರುವುದಕ್ಕೆ ಬದಲಾಗಿ ಸಂಸ್ಥೆಯೇ ಶಿಕ್ಷಕನ ಸಮೀಪಕ್ಕೆ ಹೋಗಬೇಕೆಂಬ ತತ್ತ್ವಕ್ಕೆ ಆಗ ಮನ್ನಣೆ ದೊರೆಯಿತು.

ಎರಡನೆಯದು ಆಂಧ್ರ ಪ್ರದೇಶ ಪ್ರಾಥಮಿಕ ಶಿಕ್ಷಣ ಯೋಜನೆ. ಬ್ರಿಟನ್ನಿನ ನೆರವಿನಿಂದ 1980ರ ದಶಕದಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ಈ ಯೋಜನೆ 1989ರಿಂದ ಅಂದಿನ ಆಂಧ್ರ ಪ್ರದೇಶದ 23 ಜಿಲ್ಲೆಗಳಿಗೂ ವಿಸ್ತರಿಸಿ, 1996ರವರೆಗೆ ನಡೆಯಿತು. ಶಿಕ್ಷಕರು ತಾವೇ ಕಲಿಕೆಯ ಚಟುವಟಿಕೆಗಳನ್ನು ರೂಪಿಸುವುದು. ಮಾಡಿ, ಪರೀಕ್ಷಿಸಿ, ಕಂಡುಕೊಂಡು ಕಲಿಯಲು ಮಕ್ಕಳಿಗೆ ಅವಕಾಶ ನೀಡುವುದು. ವೈಯಕ್ತಿಕವಾಗಿ, ಗುಂಪಿನಲ್ಲಿ ಹಾಗೂ ಇಡೀ ತರಗತಿಯಾಗಿ ಕೆಲಸ ಮಾಡಿಸುವುದು. ಮಕ್ಕಳಲ್ಲಿನ ವ್ಯತ್ಯಾಸಗಳನ್ನು ಗಮನಿಸುವುದು. ಸ್ಥಳೀಯ ಪರಿಸರವನ್ನು ಬಳಸಿಕೊಳ್ಳುವುದು. ಮಕ್ಕಳ ಕೃತಿಗಳನ್ನು ಪ್ರದರ್ಶಿಸಿ ತರಗತಿಯನ್ನು ಆಕರ್ಷಕಗೊಳಿಸುವುದು. ಈ ಆರು ತತ್ತ್ವಗಳು ಯೋಜನೆಯ ಆಧಾರಗಳಾಗಿದ್ದವು. ನೆರೆಹೊರೆಯ ಶಾಲೆಗಳ ಶಿಕ್ಷಕರು ಕಾಲಕಾಲಕ್ಕೆ ಒಂದೆಡೆ ಸೇರುವ ‘ಶಿಕ್ಷಕರ ಕೇಂದ್ರ’ಗಳು ಈ ಯೋಜನೆಯ ಮುಖ್ಯ ಅಂಗವಾಗಿದ್ದವು. ಒಬ್ಬ ಶಿಕ್ಷಕನ ಅನುಭವವು ಮತ್ತೊಬ್ಬನ ಪಾಠಕ್ಕೆ ಸಾಮಗ್ರಿಯಾಗಬೇಕೆಂಬುದೇ ಅವುಗಳ ಆಶಯವಾಗಿತ್ತು.

ಮೂರನೆಯ ಪ್ರಯತ್ನ ಭಾಷೆಗೆ ಸಂಬಂಧಿಸಿದ್ದು. 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವು ಉರ್ದು ಮಾಧ್ಯಮದ ಶಿಕ್ಷಕರ ವೃತ್ತಿ ವಿಕಾಸಕ್ಕೆಂದೇ ಪ್ರತ್ಯೇಕ ಕೇಂದ್ರವೊಂದನ್ನು ಹೊಂದಿತು. ಶಿಕ್ಷಕನು ಯಾವ ಭಾಷೆಯಲ್ಲಿ ಪಾಠ ಹೇಳುತ್ತಾನೆಯೋ ಆ ಭಾಷೆಯಲ್ಲೇ ಆತನಿಗೆ ತರಬೇತಿ ದೊರೆಯಬೇಕೆಂಬುದು ಇದರ ಹಿಂದಿರುವ ವಿವೇಕ. ಕನ್ನಡ ಶಾಲೆಗಳ ಪ್ರಶ್ನೆ ಬಂದಾಗ ಈ ಮಾತನ್ನು ಮತ್ತೆ ನೆನೆಯಬೇಕಾಗುತ್ತದೆ.

ನೀತಿ ಬೆಳೆದುಬಂದ ಬಗೆ

ಶಿಕ್ಷಕನ ಕಲಿಕೆ ನೇಮಕಾತಿಯೊಂದಿಗೆ ಮುಗಿಯಬಾರದೆಂಬ ಅಭಿಪ್ರಾಯ ಹೊಸದೇನಲ್ಲ. 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಆಯೋಗವು ಪ್ರತಿಯೊಬ್ಬ ಶಿಕ್ಷಕನಿಗೂ ಪ್ರತಿ ಐದು ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳ ಸೇವಾವಧಿ ಶಿಕ್ಷಣ ದೊರೆಯಬೇಕೆಂದು ಸಲಹೆ ಮಾಡಿತು. ನೆರೆಯ ಶಾಲೆಗಳು ಶಾಲಾ ಸಂಕೀರ್ಣಗಳಾಗಿ ಒಂದುಗೂಡಿ ಪರಸ್ಪರ ನೆರವಾಗಬೇಕೆಂದೂ ಅದು ಹೇಳಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಸೇವಾಪೂರ್ವ ಹಾಗೂ ಸೇವಾವಧಿ ತರಬೇತಿಗಳು ಒಂದನ್ನೊಂದು ಬಿಟ್ಟಿರಲಾರವೆಂದು ಸಾರಿತು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ಆ ನೀತಿಯ ಫಲವಾಗಿವೆ. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಇನ್ನೂ ಕೆಳಗಿನ ಹಂತಕ್ಕೆ ಇಳಿದು, ಕ್ಷೇತ್ರ ಸಂಪನ್ಮೂಲ ಕೇಂದ್ರಗಳನ್ನೂ ಸಮೂಹ ಸಂಪನ್ಮೂಲ ಕೇಂದ್ರಗಳನ್ನೂ ಬೆಳೆಸಿತು. ಕರ್ನಾಟಕದಲ್ಲಿ ಈ ಕಾರ್ಯಕ್ರಮ ಮೊದಲು ಬಂದದ್ದು ಬೆಳಗಾವಿ, ಕೋಲಾರ, ಮಂಡ್ಯ ಹಾಗೂ ರಾಯಚೂರು ಜಿಲ್ಲೆಗಳಿಗೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸದ ಚಟುವಟಿಕೆಗಳಲ್ಲಿ ಭಾಗವಹಿಸಬೇಕೆಂದು ನಿರೀಕ್ಷಿಸುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 800 ಗಂಟೆಗಳ ಬೋಧನೆ ನಡೆಯಬೇಕು. ಹದಿನಾರು ಗಂಟೆಗಳ ಬೋಧನೆಗೆ ಒಂದು ಗಂಟೆಯ ಸ್ವಂತ ಕಲಿಕೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಇದು ಅತಿಯಾದ ಬೇಡಿಕೆಯೇನಲ್ಲ. ಆದರೆ ಆ 50 ಗಂಟೆಗಳು ಯಾವ ರೂಪದಲ್ಲಿ ಕಳೆಯುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ತರಬೇತಿಯ ನಂತರದ ಸೋಮವಾರ

ಸೇವಾವಧಿ ತರಬೇತಿಯು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ರಾಜ್ಯಮಟ್ಟದಲ್ಲಿ ತರಬೇತಿ ಹೊಂದಿದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಶಿಕ್ಷಕರಿಗೆ ಕಲಿಸುತ್ತಾರೆ. ಕಡಮೆ ಕಾಲದಲ್ಲಿ ಬಹಳ ಜನರನ್ನು ಮುಟ್ಟಲು ಇದು ಸುಲಭೋಪಾಯ. ಆದರೆ ಕಾಲುವೆಯ ನೀರು ಕೊನೆಯ ಹೊಲವನ್ನು ತಲುಪುವಷ್ಟರಲ್ಲಿ ಇಂಗಿಹೋಗುವಂತೆ, ಪ್ರತಿ ಹಂತದಲ್ಲೂ ವಿಷಯದ ಸಾರ ಕುಂದುವುದುಂಟು. ಮೊದಲು ಕೈಬಿಟ್ಟುಹೋಗುವುದು ಅಭ್ಯಾಸಕ್ಕೆಂದು ಮೀಸಲಾದ ಸಮಯ. ಉಪನ್ಯಾಸವೊಂದು ಮಾತ್ರ ಕಡೆಯವರೆಗೆ ಉಳಿಯುತ್ತದೆ.

ಉದಾಹರಣೆಗೆ ಮೂರನೆಯ ತರಗತಿಯ ವ್ಯವಕಲನವನ್ನೇ ತೆಗೆದುಕೊಳ್ಳೋಣ. 42ರಲ್ಲಿ 17ನ್ನು ಕಳೆಯಿರಿ ಎಂದಾಗ ಹಲವು ಮಕ್ಕಳು 35 ಎಂದು ಬರೆಯುತ್ತಾರೆ. ಸರಿಯುತ್ತರ 25. ಇದು ಮಕ್ಕಳ ಅಜಾಗರೂಕತೆಯಲ್ಲ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂಬ ಮಾತನ್ನು ಅವರು ಪ್ರತಿ ಸ್ಥಾನಕ್ಕೂ ಅನ್ವಯಿಸಿ, 7ರಲ್ಲಿ 2ನ್ನೂ 4ರಲ್ಲಿ 1ನ್ನೂ ಕಳೆದಿರುತ್ತಾರೆ. ತರಬೇತಿ ಶಿಬಿರದಲ್ಲಿ ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಮಾಡಿಸಿ, ಒಂದು ಕಟ್ಟನ್ನು ಬಿಚ್ಚಿ, ಹತ್ತರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ತರುವ ವಿಧಾನವನ್ನು ತೋರಿಸಿರುತ್ತಾರೆ. ಶಿಕ್ಷಕಿಯೊಬ್ಬರು ಅದನ್ನು ಮೆಚ್ಚಿಕೊಂಡು ಶಾಲೆಗೆ ಹಿಂದಿರುಗುತ್ತಾರೆ ಎಂದಿಟ್ಟುಕೊಳ್ಳೋಣ.

ಸೋಮವಾರ ಬರುತ್ತದೆ. ಶಿಬಿರದಲ್ಲಿ ಇದ್ದದ್ದು ಮೂವತ್ತು ಜನ ವಯಸ್ಕರು. ಇಲ್ಲಿರುವುದು ಮೂರು ತರಗತಿಗಳ ಮಕ್ಕಳು, ಒಂದೇ ಕೋಣೆ. ಕಡ್ಡಿಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗುತ್ತವೆ. ಒಂದನೆಯ ತರಗತಿಯವರು ಅದೇ ಆಟವೆಂದು ಓಡಿಬರುತ್ತಾರೆ. ಕಟ್ಟು ಬಿಚ್ಚಿದ ಮಕ್ಕಳು ಕಡ್ಡಿಗಳಿಂದ ಸರಿಯುತ್ತರ ಹೇಳುತ್ತಾರೆ. ಹಲಗೆಯ ಮೇಲೆ ಬರೆಯುವಾಗ ಪುನಃ 35 ಎಂದೇ ಬರೆಯುತ್ತಾರೆ. ಎರಡು ದಿನಗಳ ಪ್ರಯತ್ನದ ನಂತರ ಶಿಕ್ಷಕಿ ಕಡ್ಡಿಗಳನ್ನು ಬೀರುವಿಗೆ ಸೇರಿಸಿ ಹಳೆಯ ಪದ್ಧತಿಗೆ ಮರಳುತ್ತಾರೆ. ಶಿಬಿರದ ದಾಖಲೆಯಲ್ಲಿ ಅವರು ತರಬೇತಿ ಹೊಂದಿದವರು. ಆದರೆ ಮೂರನೆಯ ತರಗತಿಯ ಮಕ್ಕಳಿಗೆ ಅದರಿಂದ ಆದ ಪ್ರಯೋಜನ ಏನೂ ಇಲ್ಲ.

ಇಲ್ಲಿ ತಪ್ಪು ಶಿಕ್ಷಕಿಯದಲ್ಲ, ವಿಧಾನದ್ದೂ ಅಲ್ಲ. ಕೊರತೆಯಾದುದು ಆ ಸೋಮವಾರ ಪಕ್ಕದಲ್ಲಿ ನಿಲ್ಲಬೇಕಾಗಿದ್ದ ಒಬ್ಬ ಅನುಭವಿ. ಅಮೆರಿಕದ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲಿ ಇದನ್ನೇ ಎತ್ತಿ ತೋರಿಸಿದರು. ತತ್ತ್ವವನ್ನು ವಿವರಿಸಿ, ಪ್ರಾತ್ಯಕ್ಷಿಕೆ ನೀಡಿದ ಮಾತ್ರಕ್ಕೆ ಹೊಸ ವಿಧಾನ ತರಗತಿಯಲ್ಲಿ ನೆಲೆಯೂರುವುದು ವಿರಳ. ತರಗತಿಯಲ್ಲೇ ಮುಂದುವರಿಯುವ ನೆರವು ದೊರೆತಾಗ ಅದು ಬೇರೂರುತ್ತದೆ ಎಂಬುದು ಅವರ ನಿಲುವು.

ಮಾರ್ಗದರ್ಶಕರು ಮಾಡುವುದೇನು?

ಮಾರ್ಗದರ್ಶನ ಎಂದರೆ ಉಪದೇಶವಲ್ಲ, ತನಿಖೆಯೂ ಅಲ್ಲ. ಅದಕ್ಕೆ ಸರಳವಾದ ಕ್ರಮವೊಂದಿದೆ. ಮೊದಲು ಮಾರ್ಗದರ್ಶಕರೂ ಶಿಕ್ಷಕರೂ ಕುಳಿತು, ಪಾಠದಲ್ಲಿ ಯಾವ ಒಂದು ಅಂಶವನ್ನು ಗಮನಿಸಬೇಕೆಂದು ನಿರ್ಧರಿಸುತ್ತಾರೆ. ಆ ಅಂಶವನ್ನು ಸೂಚಿಸುವವರು ಶಿಕ್ಷಕರೇ. ಅನಂತರ ಮಾರ್ಗದರ್ಶಕರು ತರಗತಿಯಲ್ಲಿ ಕುಳಿತು ಅದನ್ನಷ್ಟೇ ಗಮನಿಸುತ್ತಾರೆ. ಪಾಠ ಮುಗಿದ ಮೇಲೆ ತಮ್ಮ ಅಭಿಪ್ರಾಯ ಹೇಳುವ ಮುನ್ನ ಶಿಕ್ಷಕರಿಗೆ ಏನನ್ನಿಸಿತೆಂದು ಕೇಳುತ್ತಾರೆ. ಕೊನೆಗೆ ಇಬ್ಬರೂ ಸೇರಿ ಮುಂದಿನ ವಾರ ಮಾಡಿನೋಡಬಹುದಾದ ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳುತ್ತಾರೆ. ಮಾರ್ಗದರ್ಶಕರು ಮತ್ತೆ ಬರುತ್ತಾರೆ. ಈ ‘ಮತ್ತೆ ಬರುವುದು’ ಎಂಬುದೇ ಎಲ್ಲಕ್ಕಿಂತ ಮುಖ್ಯವಾದುದು.

ಮೇಲಿನ ವ್ಯವಕಲನದ ಪಾಠವನ್ನು ಅಂತಹ ಮಾರ್ಗದರ್ಶಕರು ನೋಡಿದ್ದರೆ, ಕಡ್ಡಿಗಳ ಕೆಲಸಕ್ಕೂ ಹಲಗೆಯ ಲೆಕ್ಕಕ್ಕೂ ನಡುವೆ ಒಂದು ಮೆಟ್ಟಿಲು ತಪ್ಪಿಹೋಗಿರುವುದನ್ನು ಕಾಣುತ್ತಿದ್ದರು. ಕಟ್ಟು ಬಿಚ್ಚಿದ ಕೂಡಲೇ, ಕಡ್ಡಿಗಳನ್ನು ಎತ್ತಿಡುವ ಮೊದಲೇ, 4 ಹತ್ತುಗಳು 3 ಆದುದನ್ನೂ 2 ಬಿಡಿಗಳು 12 ಆದುದನ್ನೂ ಮಗು ಹಲಗೆಯ ಮೇಲೆ ಬರೆಯಬೇಕಾಗಿತ್ತು. ಈ ಚಿಕ್ಕ ಸಂಗತಿ ಕೈಪಿಡಿಯಲ್ಲಿ ಇದ್ದರೂ ಕಣ್ಣಿಗೆ ಬೀಳದಿರಬಹುದು. ನಡೆಯುತ್ತಿರುವ ಪಾಠದಲ್ಲಿ ಅನುಭವಿಗೆ ಅದು ಒಡನೆಯೇ ಗೋಚರಿಸುತ್ತದೆ.

ಜಪಾನಿನ ಶಾಲೆಗಳಲ್ಲಿ ಬಹುಕಾಲದಿಂದ ಪಾಠಾಧ್ಯಯನ ಎಂಬ ಪದ್ಧತಿ ರೂಢಿಯಲ್ಲಿದೆ. ಕೆಲವು ಶಿಕ್ಷಕರು ಕೂಡಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ. ಅನಂತರ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಪಾಠವೇ ಹೊರತು ಶಿಕ್ಷಕನಲ್ಲ.

ಕನ್ನಡ ನಾಡಿಗೂ ಇಂತಹ ಅನುಭವ ಅಪರಿಚಿತವಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರ ಪ್ರದೇಶದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಬಹುವರ್ಗ ಶಾಲೆಗಳ ಬೋಧನಾಕ್ರಮವನ್ನು ಕಂಡುಬಂದರು. ಕಂಡದ್ದನ್ನು ಹಾಗೆಯೇ ನಕಲು ಮಾಡದೆ, ತಮ್ಮ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ತಾವೇ ಕೂಡಿ ರಚಿಸಿದರು. ಅದೇ ‘ನಲಿ-ಕಲಿ’ಯ ಆರಂಭ. ಮುಂದೆ 2009-10ನೆಯ ಸಾಲಿನಲ್ಲಿ ಅದು ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದನೆಯ ಹಾಗೂ ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ಶಿಕ್ಷಕನು ಶಿಕ್ಷಕನಿಂದ ಕಲಿತುದರ ಫಲ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಭಯವಿರುವಲ್ಲಿ ಮಾರ್ಗದರ್ಶನವಿಲ್ಲ

ಮಾರ್ಗದರ್ಶನಕ್ಕೆ ಅಡ್ಡಿಯಾಗುವ ಎರಡು ಸಂಗತಿಗಳನ್ನು ಇಲ್ಲಿ ಸ್ಪಷ್ಟವಾಗಿ ಹೇಳುವುದು ಅವಶ್ಯ. ಮೊದಲನೆಯದು ತನಿಖೆಯ ನೆರಳು. ಶಾಲೆಗೆ ಬಂದವರು ಪಾಠಟಿಪ್ಪಣಿಯನ್ನು ಕೇಳಿ, ಹಾಜರಿ ಪುಸ್ತಕವನ್ನು ಪರಿಶೀಲಿಸಿ, ವರದಿ ಬರೆದುಕೊಂಡು ಹೋಗುವುದನ್ನೇ ಶಿಕ್ಷಕರು ತಲೆಮಾರುಗಳಿಂದ ಕಂಡಿದ್ದಾರೆ. ಅಂತಹವರ ಎದುರಿನಲ್ಲಿ ಯಾರೂ ತಮ್ಮ ಕಷ್ಟವನ್ನು ತೋಡಿಕೊಳ್ಳಲಾರರು. ಅತ್ಯಂತ ಸುರಕ್ಷಿತವಾದ ಪಾಠವನ್ನೇ ಆರಿಸಿ ಬೋಧಿಸುತ್ತಾರೆ. ಆಡಳಿತಕ್ಕೆ ತನಿಖೆಯೂ ಬೇಕು, ನಿಜ. ಆದರೆ ಅದನ್ನೂ ಮಾರ್ಗದರ್ಶನವನ್ನೂ ಒಂದೇ ಕೈಯಲ್ಲಿ ಇಡಬಾರದು. ಮಾರ್ಗದರ್ಶಕರ ಮುಂದೆ ಆಡಿದ ಮಾತು ಸೇವಾಪುಸ್ತಕವನ್ನು ಸೇರಬಾರದು.

ಎರಡನೆಯದು ಕೆಲಸದ ಹೊರೆ. ಸಮೂಹ ಸಂಪನ್ಮೂಲ ವ್ಯಕ್ತಿಯ ಹುದ್ದೆಯ ಉದ್ದೇಶ ಶಿಕ್ಷಕರಿಗೆ ಶೈಕ್ಷಣಿಕ ಬೆಂಬಲ ನೀಡುವುದೇ ಆಗಿದೆ. ಆದರೆ ದೇಶದ ಅನೇಕ ಕಡೆಗಳಲ್ಲಿ ಅಂಕಿ ಅಂಶಗಳ ಸಂಗ್ರಹ, ನಮೂನೆಗಳ ಭರ್ತಿ, ಸುತ್ತೋಲೆಗಳ ರವಾನೆ ಇವುಗಳಲ್ಲೇ ಅವರ ದಿನ ಕಳೆದುಹೋಗುತ್ತದೆ. ತಿಂಗಳ ಸಮಾಲೋಚನಾ ಸಭೆಯೂ ಸೂಚನೆಗಳನ್ನು ಓದಿ ಹೇಳುವ ಸಭೆಯಾಗಿ ಪರಿಣಮಿಸುವ ಅಪಾಯವಿದೆ. ಆ ಸಭೆಯಲ್ಲಿ ಒಂದು ಗಂಟೆಯನ್ನಾದರೂ ಒಂದು ಪಾಠದ ಚರ್ಚೆಗೆ ಮೀಸಲಿಟ್ಟರೆ ಹೊಸ ವೆಚ್ಚವೇನೂ ಇಲ್ಲದೆ ಮಾರ್ಗದರ್ಶನಕ್ಕೆ ಚಾಲನೆ ದೊರೆಯುತ್ತದೆ.

ರಾಷ್ಟ್ರಮಟ್ಟದಲ್ಲಿಯೂ ಈ ಕುರಿತು ಚಿಂತನೆ ನಡೆದಿದೆ. 2020ರ ನೀತಿಯಲ್ಲಿ ಪ್ರಸ್ತಾಪವಾದ ರಾಷ್ಟ್ರೀಯ ಮಾರ್ಗದರ್ಶನ ಅಭಿಯಾನವು 2022ರ ಜುಲೈ 29ರಂದು ಪ್ರಾಯೋಗಿಕವಾಗಿ ಆರಂಭವಾಯಿತು. ಕೇಂದ್ರೀಯ ವಿದ್ಯಾಲಯಗಳು, ನವೋದಯ ವಿದ್ಯಾಲಯಗಳು ಹಾಗೂ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಲಿಯ ಶಾಲೆಗಳಲ್ಲಿ ಒಟ್ಟು 30ನ್ನು ಆರಿಸಿ, 60 ಮಾರ್ಗದರ್ಶಕರನ್ನು ಗುರುತಿಸಲಾಯಿತು. 2017ರಲ್ಲಿ ಆರಂಭಗೊಂಡ ದೀಕ್ಷಾ ವೇದಿಕೆ ಹಾಗೂ 2019ರ ನಿಷ್ಠಾ ತರಬೇತಿ ಕಾರ್ಯಕ್ರಮಗಳು ದೂರದ ಶಿಕ್ಷಕರಿಗೂ ಪಾಠಸಾಮಗ್ರಿಯನ್ನು ತಲುಪಿಸಿವೆ. ಇವು ಉಪಯುಕ್ತವಾದವು. ಆದರೆ ಪರದೆಯ ಮೇಲಿನ ಪಾಠವನ್ನು ನೋಡಿ ಮುಗಿಸಿದ ಪ್ರಮಾಣಪತ್ರವು ತರಗತಿಯನ್ನು ಕಂಡ ಕಣ್ಣುಗಳಿಗೆ ಸಮನಾಗಲಾರದು.

ಗಡಿನಾಡಿನ ಕನ್ನಡ ಶಾಲೆಗಳು

ರಾಷ್ಟ್ರೀಯ ಮಾರ್ಗದರ್ಶನ ಅಭಿಯಾನದಲ್ಲಿ ಭಾರತೀಯ ಭಾಷೆಗಳಲ್ಲಿ ಬೋಧಿಸಬಲ್ಲ ಹಿರಿಯ ಹಾಗೂ ನಿವೃತ್ತ ಅಧ್ಯಾಪಕರೂ ಇರಬೇಕೆಂದು 2020ರ ನೀತಿ ಸೂಚಿಸುತ್ತದೆ. ಕನ್ನಡಿಗರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಗಡಿಯ ಹಳ್ಳಿಗಳಲ್ಲಿ, ಆಂಧ್ರದ ಗಡಿಭಾಗದಲ್ಲಿ, ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ, ಕೇರಳದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆ ನಡೆದ 1956ರಲ್ಲೇ ಈ ವಿಧಿಯೂ ಸೇರ್ಪಡೆಯಾಯಿತು.

ಈ ಶಾಲೆಗಳ ಶಿಕ್ಷಕರ ಏಕಾಂತ ಇಮ್ಮಡಿಯಾದುದು. ತರಬೇತಿಯು ರಾಜ್ಯದ ಪ್ರಧಾನ ಭಾಷೆಯಲ್ಲಿ ನಡೆದಾಗ, ಕೇಳಿದ್ದನ್ನು ಕನ್ನಡಕ್ಕೆ ತಂದುಕೊಂಡು ಬೋಧಿಸುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ನಾರಾಯಣಪೇಟೆಯ ಕಡೆಯ ಮಗುವಿಗೆ ಬೀದಿಯಲ್ಲಿ ಕಾಣುವುದು ತೆಲುಗು ಫಲಕ, ಪುಸ್ತಕದಲ್ಲಿ ಕಾಣುವುದು ಕನ್ನಡ ಅಕ್ಷರ. ಎರಡೂ ಲಿಪಿಗಳು ಸೋದರರಂತೆ ಹೋಲುತ್ತವೆ, ಆದರೆ ತಲೆಕಟ್ಟು ಬೇರೆ. ಮಗು ಒಂದನ್ನು ಮತ್ತೊಂದರಂತೆ ಬರೆದರೆ ಅದನ್ನು ಕೇವಲ ತಪ್ಪೆಂದು ಹೊಡೆದುಹಾಕಬೇಕೇ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಭೇದವನ್ನು ತೋರಿಸಬೇಕೇ? ಎರಡೂ ಭಾಷೆಗಳನ್ನು ಬಲ್ಲ ಹಿರಿಯ ಶಿಕ್ಷಕರು ಮಾತ್ರ ಇದನ್ನು ಮನವರಿಕೆ ಮಾಡಿಕೊಡಬಲ್ಲರು. ಅಂತಹ ನಿವೃತ್ತ ಶಿಕ್ಷಕರು ಈ ನಗರದಲ್ಲೂ ಕಲಬುರಗಿ, ರಾಯಚೂರುಗಳಲ್ಲೂ ಇದ್ದಾರೆ. ದಕ್ಷಿಣದ ರಾಜ್ಯಗಳಿಗೆ ಸೇವೆ ಸಲ್ಲಿಸುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೈಸೂರಿನಲ್ಲಿದೆ. ಇವರೆಲ್ಲರನ್ನೂ ಗಡಿಯ ಶಾಲೆಯೊಂದಿಗೆ ಬೆಸೆಯುವುದಷ್ಟೇ ಆಗಬೇಕಾದ ಕೆಲಸ.

ಸಾರ್ವಜನಿಕರ ಪಾತ್ರ

ಇದು ಇಲಾಖೆಯೊಂದರಿಂದಲೇ ಆಗುವ ಕಾರ್ಯವಲ್ಲ. ಶಿಕ್ಷಕರು ತರಬೇತಿಗೆ ಹೋದ ದಿನ ‘ಮಾಸ್ತರು ರಜೆ’ ಎಂದು ಭಾವಿಸದೆ, ಅವರು ಹಿಂದಿರುಗಿದ ಮೇಲೆ ಏನನ್ನು ಕಲಿತು ಬಂದರೆಂದು ಪಾಲಕರು ಆದರದಿಂದ ವಿಚಾರಿಸಬಹುದು. ಶಾಲಾಭಿವೃದ್ಧಿ ಸಮಿತಿಗಳು ಕೊಠಡಿ, ಕಾಂಪೌಂಡುಗಳ ಜೊತೆಗೆ ಪಾಠದ ವಿಷಯಕ್ಕೂ ಸಭೆಯಲ್ಲಿ ಸ್ಥಾನ ನೀಡಬಹುದು. ಮುಖ್ಯೋಪಾಧ್ಯಾಯರು ವಾರದಲ್ಲಿ ಒಂದು ಅವಧಿಯನ್ನು ಹೊಸ ಶಿಕ್ಷಕರ ತರಗತಿಯಲ್ಲಿ ಕಳೆಯಬಹುದು. ಒಬ್ಬರೇ ಶಿಕ್ಷಕರಿರುವ ಶಾಲೆಗೆ ನೆರೆಯ ಶಾಲೆಯ ಅನುಭವಿಗಳು ತಿಂಗಳಿಗೊಮ್ಮೆಯಾದರೂ ಭೇಟಿ ನೀಡುವ ವ್ಯವಸ್ಥೆಯಾಗಬೇಕು. ನಿವೃತ್ತರಾದ ಶಿಕ್ಷಕರು ತಮ್ಮ ಮೂವತ್ತು ಮೂವತ್ತೈದು ವರ್ಷಗಳ ಅನುಭವವನ್ನು ಮನೆಯ ಜಗಲಿಯಲ್ಲೇ ಉಳಿಸಿಕೊಳ್ಳದೆ ಸಮೀಪದ ಶಾಲೆಗೆ ತೆಗೆದುಕೊಂಡು ಹೋಗಬಹುದು.

ಕಡ್ಡಿಗಳನ್ನು ಬೀರುವಿನಲ್ಲಿಟ್ಟ ಆ ಶಿಕ್ಷಕಿ ಆಸಕ್ತಿಯಿಲ್ಲದವರಲ್ಲ. ಎರಡು ದಿನ ಪ್ರಯತ್ನಿಸಿದವರು. ಮೂರನೆಯ ದಿನ ಅವರ ಶಾಲೆಯ ಬಾಗಿಲಲ್ಲಿ ಹಿರಿಯ ಶಿಕ್ಷಕರೊಬ್ಬರು ಕಾಣಿಸಿಕೊಂಡು, ‘ಎಲ್ಲಿ, ಇನ್ನೊಮ್ಮೆ ಮಾಡಿ ನೋಡೋಣ’ ಎಂದಿದ್ದರೆ ಆ ಬೀರು ಮತ್ತೆ ತೆರೆಯುತ್ತಿತ್ತು. 42ರಲ್ಲಿ 17 ಕಳೆದರೆ 25 ಏಕೆ ಎಂಬುದು ಆ ಮಕ್ಕಳಿಗೂ ತಿಳಿಯುತ್ತಿತ್ತು. ಆ ಮೂರನೆಯ ದಿನ ಯಾವ ಶಿಕ್ಷಕರೂ ಒಂಟಿಯಾಗಿರದಂತೆ ನೋಡಿಕೊಳ್ಳುವುದು ಎಲ್ಲರ ಹೊಣೆಯಾಗಿದೆ.